ಒಂದು ಕೋಲು, ಎರಡು ಊರು: ನೆರಳು ಹಿಡಿದು ಭೂಮಿ ಅಳೆಯುವ ಪ್ರಾಜೆಕ್ಟ್

‘ಹೆಚ್ಚುವರಿ ಅಂಕ ಬೇಕಾದವರು ಒಂದು ಪ್ರಾಜೆಕ್ಟ್ ಮಾಡಿ ತನ್ನಿ’ ಎಂದು ಭೂಗೋಳದ ಮೇಷ್ಟ್ರು ಹೇಳಿದ ಸಂಜೆಯೇ ಸ್ಟೇಷನರಿ ಅಂಗಡಿಯಲ್ಲಿ ಥರ್ಮೋಕೋಲ್ ಖಾಲಿ. ಸೋಡಾಪುಡಿ ಉಕ್ಕಿಸುವ ಜ್ವಾಲಾಮುಖಿ, ದೇಶಗಳ ಬಾವುಟ ಅಂಟಿಸಿದ ಚಾರ್ಟು, ಬಣ್ಣ ಬಳಿದ ಗೋಳ. ಅದರಲ್ಲಿ ಅರ್ಧಕ್ಕರ್ಧ ಅಪ್ಪ ಅಮ್ಮ ರಾತ್ರಿ ಕೂತು ಮಾಡಿದ್ದು ಅನ್ನುವುದು ಮೇಷ್ಟ್ರಿಗೂ ಗೊತ್ತು.

ದೊಡ್ಡವರ ಕೈ ಬೀಳದೆ, ಹೆಚ್ಚು ಖರ್ಚಿಲ್ಲದೆ, 8ರಿಂದ 10ನೇ ತರಗತಿಯ ಮಕ್ಕಳು ತಾವೇ ಮಾಡಬಹುದಾದ ಪ್ರಾಜೆಕ್ಟ್ ಒಂದಿದೆ. ಶಾಲೆಯ ಅಂಗಳದಲ್ಲೊಂದು ಕೋಲು ನೆಟ್ಟು ಇಡೀ ಭೂಮಿಯ ಸುತ್ತಳತೆ ಕಂಡುಹಿಡಿಯುವುದು. ಬೇಕಾದದ್ದು ಬಿಸಿಲು, ಮತ್ತು ದೂರದ ಊರಿನಲ್ಲಿ ಮಾತು ತಪ್ಪದ ಒಬ್ಬ ಜೊತೆಗಾರ.

ಇದನ್ನು ಮೊದಲು ಮಾಡಿದವನು ಕ್ರಿ.ಪೂ. ಮೂರನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಎರಾಟೋಸ್ತನಿಸ್. ದಕ್ಷಿಣದ ಸಯೀನಿಯಲ್ಲಿ, ಅಂದರೆ ಇಂದಿನ ಆಸ್ವಾನಿನಲ್ಲಿ, ವರ್ಷದ ಅತಿ ದೀರ್ಘ ಹಗಲಿನ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಬಂದು ನೆರಳು ಮಾಯವಾಗುತ್ತಿತ್ತು. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ಬಿಸಿಲು ಸುಮಾರು 7.2 ಡಿಗ್ರಿ ಓರೆಯಾಗಿ ಬೀಳುತ್ತಿತ್ತು. ಸೂರ್ಯ ಬಲು ದೂರದಲ್ಲಿರುವುದರಿಂದ ಕಿರಣಗಳು ಎರಡೂ ಊರಿಗೆ ಸಮಾನಾಂತರವಾಗಿಯೇ ಬರುತ್ತವೆ. ಹಾಗಾದರೆ ಈ ಓರೆ ಬಂದದ್ದು ನೆಲದ ಬಾಗಿನಿಂದ. 7.2 ಅಂದರೆ 360ರ ಐವತ್ತನೇ ಒಂದು ಪಾಲು. ಎರಡೂ ಊರುಗಳ ನಡುವೆ 5,000 ಸ್ಟೇಡಿಯಾ (ಆ ಕಾಲದ ಗ್ರೀಕರ ದೂರದ ಅಳತೆ), ಭೂಮಿಯ ಸುತ್ತ ಅದರ ಐವತ್ತು ಪಟ್ಟು. ಲೆಕ್ಕ ಇಷ್ಟೇ. ಒಂದು ಸ್ಟೇಡಿಯಾ ಅಂದರೆ ಎಷ್ಟು ಮೀಟರ್ ಎಂಬ ಜಗಳ ಮಾತ್ರ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಹಂತ 1: ಜೊತೆಗಾರ ಊರು

ಎರಡು ಊರುಗಳು ಸಾಧ್ಯವಾದಷ್ಟೂ ಉತ್ತರ–ದಕ್ಷಿಣವಾಗಿರಬೇಕು. ಬೆಂಗಳೂರಿನ ಶಾಲೆ ಮಂಗಳೂರಿನ ಶಾಲೆಯನ್ನು ಜೊತೆಗೆ ಹಿಡಿದರೆ ಕೆಲಸ ಕೆಟ್ಟಿತು. ಎರಡೂ ಹೆಚ್ಚುಕಮ್ಮಿ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ, ಮಧ್ಯಾಹ್ನದ ನೆರಳೂ ಒಂದೇ ಅಳತೆ. ಬೀದರ್ (17.9) ಮತ್ತು ಚಾಮರಾಜನಗರ (11.9) ನಮ್ಮ ರಾಜ್ಯದೊಳಗಿನ ಒಳ್ಳೆಯ ಜೋಡಿ. ಆರು ಡಿಗ್ರಿ ಅಂತರ, ರೇಖಾಂಶದಲ್ಲಿ ಅರ್ಧ ಡಿಗ್ರಿಯಷ್ಟೇ ವ್ಯತ್ಯಾಸ.

ಇನ್ನೂ ಒಳ್ಳೆಯ ಜೋಡಿ ಬೆಂಗಳೂರು–ದೆಹಲಿ. ರೇಖಾಂಶ 77.6 ಮತ್ತು 77.2, ಒಂದೇ ಗೆರೆ ಅನ್ನಬಹುದು. ಅಕ್ಷಾಂಶದ ಅಂತರ 15.6 ಡಿಗ್ರಿ. ದೆಹಲಿಯಲ್ಲಿ ಕನ್ನಡ ಶಾಲೆಯೇ ಇದೆ, ನೆಂಟರಿಷ್ಟರಂತೂ ಇದ್ದೇ ಇರುತ್ತಾರೆ. ಅಂತರ ಹೆಚ್ಚಾದಷ್ಟೂ ಅಳತೆಯ ಸಣ್ಣಪುಟ್ಟ ತಪ್ಪು ಲೆಕ್ಕದಲ್ಲಿ ಕರಗುತ್ತದೆ. ದೆಹಲಿಯ ಚಳಿಗಾಲದ ಮಂಜೊಂದು ತಲೆನೋವು. ಅದಕ್ಕೆ ಮುಂದಿನ ಹಂತದಲ್ಲಿ ಪರಿಹಾರವಿದೆ.

ಹಂತ 2: ದಿನ

ಹಗಲು–ರಾತ್ರಿ ಸಮನಾಗಿರುವ ಮಾರ್ಚ್ 21 ಅಥವಾ ಸೆಪ್ಟೆಂಬರ್ 23ರಂದು ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನಗದು ಒಪ್ಪಿಗೆಯಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆಯ ಗಡಿಬಿಡಿ, ಸೆಪ್ಟೆಂಬರ್‌ನಲ್ಲಿ ಮೋಡ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ಆ ದಿನಗಳಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿಯಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. ಒಂದು ಊರಿನಲ್ಲಿ ಇಂದು, ಇನ್ನೊಂದರಲ್ಲಿ ನಾಳೆ ಅಳೆದರೆ ಆರು ಡಿಗ್ರಿಯಲ್ಲಿ 0.4 ಡಿಗ್ರಿ ಹೋಯಿತು.

ಡಿಸೆಂಬರ್ 22ರ ಆಸುಪಾಸು ಸೂರ್ಯ ಮಕರ ವೃತ್ತದ ಮೇಲೆ ನಿಂತೇ ಬಿಟ್ಟಂತಿರುತ್ತಾನೆ. 18ರಿಂದ 26ರವರೆಗೆ ಅವನ ಸ್ಥಾನ 0.1 ಡಿಗ್ರಿಯೂ ಬದಲಾಗದು. ದೆಹಲಿಯ ಗೆಳೆಯನಿಗೆ ಎರಡು ದಿನ ಮಂಜು ಕವಿದರೂ ಮೂರನೆಯ ದಿನ ಅಳೆದು ಕಳಿಸಲಿ, ನಷ್ಟವಿಲ್ಲ. ಹಬ್ಬದ ನೆನಪಿನಲ್ಲಿ ಜನವರಿಯ ಸಂಕ್ರಾಂತಿಯವರೆಗೆ ಕಾಯಬೇಡಿ. ಅಷ್ಟು ಹೊತ್ತಿಗೆ ಸೂರ್ಯ ಎರಡು ಡಿಗ್ರಿಗೂ ಹೆಚ್ಚು ಉತ್ತರಕ್ಕೆ ಬಂದಾಗಿರುತ್ತದೆ.

ಬೇಸಿಗೆ ರಜೆಯಲ್ಲೇ ಮಾಡುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಮೇ 1ರ ಸುಮಾರಿಗೆ ಸೂರ್ಯ ಚಾಮರಾಜನಗರವನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಬೀದರನ್ನು ಇನ್ನೂ ಮುಟ್ಟಿರುವುದಿಲ್ಲ. ಒಂದು ಊರಲ್ಲಿ ನೆರಳು ದಕ್ಷಿಣಕ್ಕೆ, ಇನ್ನೊಂದರಲ್ಲಿ ಉತ್ತರಕ್ಕೆ. ಆಗ ಕೋನಗಳನ್ನು ಕಳೆಯಬಾರದು, ಕೂಡಬೇಕು.

ಹಂತ 3: ಕೋಲು ನಿಲ್ಲಿಸುವುದು

ಹೆಚ್ಚಿನ ಪ್ರಾಜೆಕ್ಟುಗಳು ಹಾಳಾಗುವುದು ಇಲ್ಲಿ. ಒಂದು ಮೀಟರ್ ಕೋಲು ಬರೀ ಒಂದು ಡಿಗ್ರಿ ವಾಲಿದರೂ ನೆರಳಿನ ತುದಿ ಒಂದೂಮುಕ್ಕಾಲು ಸೆಂಟಿಮೀಟರ್ ಅತ್ತಿತ್ತ ಆಗುತ್ತದೆ. ಗಾರೆ ಕೆಲಸದವರ ತೂಕದ ಗುಂಡು ಬೇಕು. ಸಿಗದಿದ್ದರೆ ದಾರಕ್ಕೆ ಕಲ್ಲು ಕಟ್ಟಿದರೂ ನಡೆಯುತ್ತದೆ. ನೆಲ ಸಮತಟ್ಟಾಗಿದೆಯೇ ಎಂದು ನೀರು ಚೆಲ್ಲಿ ನೋಡಿ. ಸಿಮೆಂಟಿನ ವೇದಿಕೆಯೋ ಟೆರೇಸೋ ಆದರೆ ಉತ್ತಮ, ಆದರೆ ಟೆರೇಸಿಗೆ ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ, ಗಮನವಿರಲಿ.

ಇನ್ನೊಂದು ತೊಡಕು ನೆರಳಿನ ತುದಿಯದು. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ತುದಿ ಒಂದು ಸೆಂಟಿಮೀಟರಿಗೂ ಹೆಚ್ಚು ಮಸುಕಾಗಿ ಕಾಣುತ್ತದೆ, ಎಲ್ಲಿಗೆ ಗುರುತು ಹಾಕಬೇಕೆಂಬುದೇ ತಿಳಿಯದು. ಕೋಲಿನ ನೆತ್ತಿಗೆ ರಟ್ಟಿನ ತುಂಡೊಂದನ್ನು ಮಲಗಿಸಿ ಅಂಟಿಸಿ, ಕೋಲಿನಿಂದ ಆಚೆ ಚಾಚಿದ ಭಾಗದಲ್ಲಿ ನಾಲ್ಕು ಮಿಲಿಮೀಟರಿನ ತೂತು ಮಾಡಿ. ರಟ್ಟಿನ ನೆರಳಿನ ನಡುವೆ ಪುಟ್ಟ ಬೆಳಕಿನ ಬಿಲ್ಲೆ ಮೂಡುತ್ತದೆ. ಅದರ ಮಧ್ಯವೇ ನಿಮ್ಮ ಗುರುತು. ಆಗ ಎತ್ತರವನ್ನು ತೂತಿನವರೆಗೆ ಅಳೆಯಬೇಕು. ನೆರಳಿನ ಉದ್ದವನ್ನು ಅಳೆಯುವುದು ತೂತಿನಿಂದ ಇಳಿಬಿಟ್ಟ ದಾರ ನೆಲ ಮುಟ್ಟುವ ಜಾಗದಿಂದ. ಹೀಗೆ ಮಾಡಿದರೆ ಕೋಲು ಕೊಂಚ ವಾಲಿದ್ದರೂ ಚಿಂತೆಯಿಲ್ಲ.

ಹಂತ 4: ನಿಜವಾದ ಮಧ್ಯಾಹ್ನ

ಗಡಿಯಾರದ 12 ಗಂಟೆ ಸೂರ್ಯನ ಮಧ್ಯಾಹ್ನವಲ್ಲ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದರಿಂದ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷದಂತೆ ಸುಮಾರು 20 ನಿಮಿಷ ತಡ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದಲೂ ಅಕ್ಷ ಓರೆಯಾಗಿರುವುದರಿಂದಲೂ ಇದು ತಿಂಗಳಿಂದ ತಿಂಗಳಿಗೆ ಏರುಪೇರಾಗುತ್ತದೆ. ನವೆಂಬರ್ ಮೊದಲ ವಾರ ಬೆಂಗಳೂರಿನ ಮಧ್ಯಾಹ್ನ 12:03ಕ್ಕೇ ಆದರೆ, ಫೆಬ್ರುವರಿ ನಡುವಿನಲ್ಲಿ 12:34. ಡಿಸೆಂಬರ್ 22ಕ್ಕೆ 12:18ರ ಸುಮಾರು.

ಈ ಲೆಕ್ಕ ನಂಬಿ ಒಂದೇ ಗುರುತು ಹಾಕಬೇಡಿ. 11:50ರಿಂದ 12:50ರವರೆಗೆ ಐದೈದು ನಿಮಿಷಕ್ಕೊಂದು ಚುಕ್ಕಿ ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ. ಅತಿ ಚಿಕ್ಕ ನೆರಳೇ ಮಧ್ಯಾಹ್ನದ್ದು, ಅದು ಬಿದ್ದ ದಿಕ್ಕೇ ನಿಜವಾದ ಉತ್ತರ. ಸೂರ್ಯಸಿದ್ಧಾಂತವೆಂಬ ಹಳೆಯ ಖಗೋಳ ಗ್ರಂಥದ ಕಾಲದ ನಮ್ಮ ಜ್ಯೋತಿಷಿಗಳು ಹನ್ನೆರಡು ಅಂಗುಲದ ಶಂಕು, ಅಂದರೆ ನೆರಳು ಅಳೆಯುವ ಗೂಟ, ನೆಟ್ಟು ದಿಕ್ಕು, ಹೊತ್ತು, ಊರಿನ ಅಕ್ಷಾಂಶ ಎಲ್ಲವನ್ನೂ ಕಂಡುಕೊಳ್ಳುತ್ತಿದ್ದದ್ದೂ ನೆರಳಿನಿಂದಲೇ.

ಹಂತ 5: ಲೆಕ್ಕ

ಹತ್ತನೇ ತರಗತಿಯವರಿಗೆ ಟ್ಯಾನ್ ಗೊತ್ತು: ನೆರಳನ್ನು ಎತ್ತರದಿಂದ ಭಾಗಿಸಿ ಕೋನ ತೆಗೆಯಿರಿ. ಚಿಕ್ಕ ಮಕ್ಕಳು ದೊಡ್ಡ ಹಾಳೆಯ ಮೇಲೆ ಐದನೇ ಒಂದು ಅಳತೆಯಲ್ಲಿ ತ್ರಿಕೋನ ಬರೆದು ಕೋನಮಾಪಕ ಇಡಲಿ.

ಡಿಸೆಂಬರ್ 22ರಂದು ಒಂದು ಮೀಟರ್ ಎತ್ತರಕ್ಕೆ ಬೆಂಗಳೂರಿನಲ್ಲಿ ಸುಮಾರು 74 ಸೆಂ.ಮೀ. ನೆರಳು ಸಿಗಬೇಕು, ಕೋನ 36.4 ಡಿಗ್ರಿ. ದೆಹಲಿಯಲ್ಲಿ 128 ಸೆಂ.ಮೀ., 52 ಡಿಗ್ರಿ. ವ್ಯತ್ಯಾಸ 15.6. ಉತ್ತರ–ದಕ್ಷಿಣ ದೂರ 1,730 ಕಿ.ಮೀ. ಎಂದಿಟ್ಟುಕೊಂಡರೆ, 360ನ್ನು 15.6ರಿಂದ ಭಾಗಿಸಿ 1,730ರಿಂದ ಗುಣಿಸಿ: 39,923 ಕಿ.ಮೀ. ಧ್ರುವಗಳ ಮೂಲಕ ಹಾದು ಬರುವ ಸುತ್ತಳತೆ ವಾಸ್ತವದಲ್ಲಿ 40,008 ಕಿ.ಮೀ. ನಿಮಗೆ ಇಷ್ಟು ಹತ್ತಿರದ ಉತ್ತರ ಬಂದರೆ ಅದೃಷ್ಟವೂ ಸೇರಿಕೊಂಡಿದೆ ಅಂತಲೇ ತಿಳಿಯಿರಿ. ಬೆಂಗಳೂರಿನ ಗುರುತು ಅರ್ಧ ಸೆಂಟಿಮೀಟರ್ ತಪ್ಪಿದರೆ ಕೋನ 0.2 ಡಿಗ್ರಿಯಷ್ಟು ತಪ್ಪುತ್ತದೆ. ದೆಹಲಿ ಜೋಡಿಗೆ ಇದು ನೂರಕ್ಕೆ ಒಂದರಷ್ಟು ತಪ್ಪು, ಬೀದರ್ ಜೋಡಿಗೆ ನೂರಕ್ಕೆ ಮೂರು.

ಹಂತ 6: ದೂರ ಎಲ್ಲಿಂದ ಬಂತು?

ಚುರುಕು ಮೇಷ್ಟ್ರು ಇದನ್ನು ಕೇಳಿಯೇ ಕೇಳುತ್ತಾರೆ. ಬಸ್ಸಿನ ಕಿಲೋಮೀಟರ್ ಬಳಸುವಂತಿಲ್ಲ, ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ. ಗೂಗಲ್ ಮ್ಯಾಪ್‌ನಲ್ಲಿ ನೇರ ಗೆರೆ ಎಳೆದು ಅಳೆಯಬಹುದು, ಆದರೆ ಆ ಆ್ಯಪ್ ಭೂಮಿಯ ಗಾತ್ರವನ್ನು ಮೊದಲೇ ತಿಳಿದುಕೊಂಡು ದೂರ ಹೇಳುತ್ತದೆ. ಅಂದರೆ ಉತ್ತರ ನೋಡಿಕೊಂಡು ಲೆಕ್ಕ ಮಾಡಿದಂತಾಯಿತು. ಶಾಲಾ ಮಟ್ಟಕ್ಕೆ ಇದು ತಪ್ಪೇನಲ್ಲ, ವರದಿಯಲ್ಲಿ ಹೇಳಿಕೊಂಡರೆ ಸಾಕು.

ಹಾಗಾದರೆ ನೆಲದ ಮೇಲೆ ನಿಜಕ್ಕೂ ಅಳೆದವರು ಯಾರು? ಇಲ್ಲಿ ನಮ್ಮ ನೆಲವೇ ಕಥೆಗೆ ಬರುತ್ತದೆ. ನಾಲ್ಕನೇ ಮೈಸೂರು ಯುದ್ಧದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಎಳೆದು ಅಡಿರೇಖೆಯೊಂದನ್ನು, ಅಂದರೆ ಮುಂದಿನ ತ್ರಿಕೋನಗಳ ಲೆಕ್ಕಕ್ಕೆ ಆಧಾರವಾಗುವ ನೇರ ಗೆರೆಯನ್ನು, ಅಳೆದ. 1802ರಲ್ಲಿ ಮದ್ರಾಸಿನಿಂದ ಶುರುವಾದ ಅವನ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಹೆಣೆಯುತ್ತಾ 78 ಡಿಗ್ರಿ ರೇಖಾಂಶದ ಗುಂಟ ಉತ್ತರಕ್ಕೆ ಸಾಗಿತು. ನೆಲದ ಮೇಲೆ ಒಂದು ಡಿಗ್ರಿ ಎಷ್ಟು ಉದ್ದ ಎಂದು ತಿಳಿಯುವುದೂ ಅದರ ಉದ್ದೇಶ. ನೀವು ಕೋಲು ನೆಡುವ ಬೀದರ್, ಬೆಂಗಳೂರು, ದೆಹಲಿಯೆಲ್ಲ ಆ ಗೆರೆಯ ಆಸುಪಾಸಿನಲ್ಲೇ ಇವೆ. ವರದಿಯಲ್ಲಿ ಒಂದು ಪುಟ ಇದಕ್ಕೆ ಮೀಸಲಿಡಿ.

ಹಂತ 7: ವರದಿ

ಚಿತ್ತು ಹೊಡೆದ ಮೂಲ ಹಾಳೆಯನ್ನೇ ಲಗತ್ತಿಸಿ, ಚೆಂದದ ನಕಲು ಬೇಡ. ಎರಡೂ ಊರಿನ ಕೋಷ್ಟಕ, ಕೋಲಿನ ಫೋಟೋ, ನಕಾಶೆ, ಲೆಕ್ಕ. 41,000 ಬಂದಿದ್ದರೆ 41,000 ಎಂದೇ ಬರೆದು, ಯಾಕೆ ಹಾಗಾಯಿತೆಂದು ವಿವರಿಸಿ. ಸರಿಯಾಗಿ 40,008 ತಂದವನ ಹಾಳೆಯನ್ನು ಮೇಷ್ಟ್ರು ಎರಡು ಸಲ ನೋಡುವುದು ಖಂಡಿತ.

ಇನ್ನಷ್ಟು ಮಾಡುವ ಉಮೇದು ಉಳಿದಿದ್ದರೆ ದುಬೈಯಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿ. ಅದೇ ದಿನ ಅವರ ಬಾಲ್ಕನಿಯಲ್ಲಿ ನೆರಳು ಅತಿ ಚಿಕ್ಕದಾದ ಹೊತ್ತನ್ನು ಮಾತ್ರ ಕೇಳಿಕೊಳ್ಳಿ, ಉದ್ದ ಬೇಡ. ಅಲ್ಲಿನ ಗಡಿಯಾರಕ್ಕೆ ಒಂದೂವರೆ ಗಂಟೆ ಸೇರಿಸಿ ನಮ್ಮ ಸಮಯಕ್ಕೆ ತನ್ನಿ. ಬೆಂಗಳೂರಿಗೂ ದುಬೈಗೂ 89 ನಿಮಿಷದಷ್ಟು ಅಂತರ ಬಂದರೆ, ನಾಲ್ಕರಿಂದ ಭಾಗಿಸಿ: ರೇಖಾಂಶದಲ್ಲಿ 22 ಡಿಗ್ರಿ ಚಿಲ್ಲರೆ. ಅಟ್ಲಾಸ್ ತೆಗೆದು ತಾಳೆ ನೋಡಿ.