ಲಂಡನ್ನಿನಲ್ಲಿ ಮನೆ ಹಿಡಿಯುವ ಮುನ್ನ ಕಚೇರಿಯ ದಾರಿಯನ್ನು ತುಳಿದು ನೋಡಿ

ಲಂಡನ್ನಿಗೆ ಬಂದ ಹೊಸತರಲ್ಲಿ ನಾನು ಮನೆ ಹುಡುಕಿದ್ದು ನಾವೆಲ್ಲರೂ ಹುಡುಕುವ ರೀತಿಯಲ್ಲೇ: ನಮ್ಮವರು ಹತ್ತಿರದಲ್ಲಿದ್ದಾರೆಯೇ, ಸೋನಾಮಸೂರಿ ಅಕ್ಕಿಯೂ ಕರಿಬೇವೂ ಸಿಗುತ್ತವೆಯೇ, ದೇವಸ್ಥಾನ ಎಷ್ಟು ದೂರ. ಹಾಗಾಗಿ ನಗರದ ವಾಯವ್ಯ ಅಂಚಿನ ಹ್ಯಾರೋದಲ್ಲಿ ನೆಲೆಸಿದೆ. ಕಚೇರಿ ಇದ್ದದ್ದು ಟವರ್ ಹಿಲ್ ಬಳಿ, ಅಂದರೆ 20 ಕಿ.ಮೀ.ಗೂ ಆಚೆ. ದಿನವೂ ಸೈಕಲ್ಲಿನಲ್ಲಿ ಹೋಗಿಬರುವೆನೆಂಬ ಸಂಕಲ್ಪ ಮೂರು ವಾರದಲ್ಲಿ ಮುರಿಯಿತು. ಅರ್ಧ ದಾರಿ ರೈಲಿನಲ್ಲಿ ಸಾಗಿಸೋಣವೆಂದರೆ, ಬೆಳಿಗ್ಗೆ 7.30ರಿಂದ 9.30ರವರೆಗೂ ಸಂಜೆ 4ರಿಂದ 7ರವರೆಗೂ ಮಡಚಲಾಗದ ಸೈಕಲ್ಲನ್ನು ಅಂಡರ್‌ಗ್ರೌಂಡ್ ರೈಲಿಗೆ ಹತ್ತಿಸುವಂತಿಲ್ಲ ಎಂಬುದು ನನಗೆ ಗೊತ್ತಾದದ್ದು ನಿಲ್ದಾಣದ ಬಾಗಿಲಲ್ಲಿ.

ಎರಡನೆಯ ತಪ್ಪು ಇನ್ನೂ ದೊಡ್ಡದು. ದೂರವೊಂದೇ ತೊಂದರೆಯೆಂದು ಬಗೆದು, ನಕ್ಷೆಯಲ್ಲಿ ಅಳೆದು, ದಕ್ಷಿಣದ ಕ್ರಿಸ್ಟಲ್ ಪ್ಯಾಲೆಸ್ ಬಳಿ ಮನೆ ಹಿಡಿದೆ. ನೋಡಲು ಹೋದದ್ದು ಭಾನುವಾರ ಬೆಳಿಗ್ಗೆ, ಅದೂ ರೈಲಿನಲ್ಲಿ. ಅದು ಗುಡ್ಡದ ನೆತ್ತಿ ಎಂಬುದನ್ನು ಸೋಮವಾರ ಸಂಜೆ ನನ್ನ ಮೊಣಕಾಲುಗಳು ತಿಳಿಸಿದವು. ಬೆಳಗಿನ ಇಳಿಜಾರಿನಲ್ಲಿ, ನವೆಂಬರಿನ ಒದ್ದೆ ಎಲೆಗಳ ಮೇಲೆ ಬ್ರೇಕ್ ಹಿಡಿಯದೆ ಜಾರಿದ ಆ ದಿನದ ಭಯ ಇಂದಿಗೂ ಹೋಗಿಲ್ಲ. ಮನೆಯೊಡೆಯರು ಸೈಕಲ್ಲನ್ನು ಒಳಗಿಡಲು ಒಪ್ಪದ ಕಾರಣ, ನಾನು ಹೊರಗಿನ ಕಂಬಿಗೆ ಬಿಗಿದಿಟ್ಟದ್ದು ಎರಡನೆಯ ತಿಂಗಳಲ್ಲೇ ಕಳುವಾಯಿತು. ಆದ್ದರಿಂದ ಅಡುಗೆಮನೆಗಿಂತ ಮೊದಲು ಸೈಕಲ್ ಇಡುವ ಜಾಗವನ್ನು ಕೇಳಿ. ಬಾಯಿಮಾತಿಗೆ ನಿಲ್ಲದೆ ಕರಾರಿನಲ್ಲಿ ಬರೆಸಿಕೊಳ್ಳಿ. ಮುಂಗಡ, ವಿಳಾಸದ ದಾಖಲೆ, ಕೌನ್ಸಿಲ್ ತೆರಿಗೆ ಇವೆಲ್ಲ ತಾವಾಗಿಯೇ ಮುಗಿಯುವ ಕೆಲಸಗಳು.

ಮನೆಯ ಬೀದಿಗಿಂತ ಮನೆಗೂ ಕಚೇರಿಗೂ ನಡುವಿನ ಬೀದಿಗಳನ್ನು ಆರಿಸಿಕೊಳ್ಳಬೇಕೆಂದು ನಾನು ಹೇಳುವುದು ಈ ನಷ್ಟಗಳಿಂದ. ನಕ್ಷೆಯಲ್ಲಿ ಎಲ್ಲ ಸೈಕಲ್ ದಾರಿಗಳೂ ಒಂದೇ ರೀತಿಯ ಗೆರೆಗಳು. ಆದರೆ ದೋಸೆಯ ಆಸೆಗೆ ಟೂಟಿಂಗಿನಲ್ಲಿ ನೆಲೆಸುವವರಿಗೆ ಸಿಗುವ ಸಿ7 ಎಂಬ ಸೈಕಲ್ ದಾರಿ ಹಲವೆಡೆ ರಸ್ತೆಗೆ ಬಳಿದ ಬಣ್ಣವಷ್ಟೇ, ಬಸ್ಸುಗಳು ತೋಳಿಗೆ ತಾಗುವಂತೆ ಹಾದುಹೋಗುತ್ತವೆ. ಬಾರ್ಕಿಂಗಿನಿಂದ ಟವರ್ ಹಿಲ್ ಕಡೆಗೆ ಬರುವ ಸಿ3ರಲ್ಲಿ ಬಹುಪಾಲು ವಾಹನಗಳಿಂದ ಬೇರ್ಪಟ್ಟ ಹಾದಿಯಿದೆ. ಈ ವ್ಯತ್ಯಾಸವನ್ನು ವಾರದ ದಿನ, ಬೆಳಿಗ್ಗೆ 8 ಗಂಟೆಗೆ ತುಳಿದೇ ಅರಿಯಬೇಕು, ಸಾಧ್ಯವಾದರೆ ಮಳೆಯಲ್ಲಿ. ಸಂಜೆಯೂ ಒಮ್ಮೆ ಹೋಗಿ, ಏಕೆಂದರೆ ಡಿಸೆಂಬರಿನಲ್ಲಿ ಇಲ್ಲಿ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಬೇಸಿಗೆಯಲ್ಲಿ ಮನಸೋತ ಕಾಲುವೆ ದಂಡೆಯ ದಾರಿ ಆಗ ಬೇರೆಯದೇ ಆಗಿರುತ್ತದೆ.

ಊರಿನ ಒಂದು ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಟ್ಟುಬನ್ನಿ. ಇಲ್ಲಿಯೂ ಎಡಬದಿಯ ಸಂಚಾರವೇ ಎಂಬ ಧೈರ್ಯದಲ್ಲಿ, ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಎಡಗಡೆಯ ಸಂದಿಯಲ್ಲಿ ನುಸುಳಿ ಮುಂದೆ ಹೋಗುವುದು ನಮ್ಮ ಕೈಕಾಲಿಗೆ ರೂಢಿಯಾಗಿದೆ. ಆ ಲಾರಿ ಎಡಕ್ಕೆ ತಿರುಗಿದರೆ ಚಾಲಕನಿಗೆ ನೀವು ಕಾಣುವುದಿಲ್ಲ. ನಾನು ಒಮ್ಮೆ ಕೂದಲೆಳೆಯಲ್ಲಿ ಉಳಿದವನು.

ಕೊನೆಗೆ ನಾವು ಈಸ್ಟ್ ಹ್ಯಾಮಿಗೆ ಬಂದೆವು. ಕಚೇರಿಗೆ ಸುಮಾರು 11 ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು. ಅಕ್ಕಿ, ಕರಿಬೇವು, ದೇವಸ್ಥಾನಗಳೂ ನಡೆದು ಹೋಗುವಷ್ಟು ಹತ್ತಿರ. ದಿನವೂ ಕೇಬಲ್ ಸ್ಟ್ರೀಟಿನ ಮೂಲಕ ಹೋಗುತ್ತೇನೆ. 1936ರ ಅಕ್ಟೋಬರ್ 4ರಂದು ಯಹೂದಿಗಳೂ ಐರಿಶ್ ಕಾರ್ಮಿಕರೂ ಅಡ್ಡನಿಂತು ಫ್ಯಾಸಿಸ್ಟರ ಮೆರವಣಿಗೆಯನ್ನು ತಡೆದ ಬೀದಿಯದು. ಅದರ ಚಿತ್ರ ಅಲ್ಲಿಯ ಗೋಡೆಯ ಮೇಲೆ ದೊಡ್ಡದಾಗಿದೆ. ನೆಲದಡಿಯ ರೈಲಿನಲ್ಲಿ ಓಡಾಡಿದಷ್ಟು ಕಾಲ ಈ ಊರು ನನಗೆ ನಿಲ್ದಾಣಗಳ ಹೆಸರಷ್ಟೇ ಆಗಿತ್ತು. ಹೊರಗಿನಿಂದ ಬಂದವರು ಇಲ್ಲಿ ಹೇಗೆ ಬೇರುಬಿಟ್ಟರೆಂಬುದನ್ನು ನಾನು ಕಂಡದ್ದು ಆ ಗೋಡೆಯ ಮುಂದೆ ಉಸಿರು ಸುಧಾರಿಸಿಕೊಳ್ಳುತ್ತಾ ನಿಂತಾಗ.

ಮಗಳು ಸೈಕಲ್ ಕಲಿತದ್ದು ನಮ್ಮ ಮನೆಯ ಸಮೀಪದ ಗ್ರೀನ್‌ವೇಯಲ್ಲಿ, ಹಳೆಯ ಒಳಚರಂಡಿಯ ದಿಬ್ಬದ ಮೇಲೆ ಮಾಡಿದ ಹಾದಿಯಲ್ಲಿ. ನಾನು ಕಲಿತದ್ದು ಅಪ್ಪನ ಎತ್ತರದ ಸೈಕಲ್ಲಿನಲ್ಲಿ, ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ, ಒಳಪೆಡಲ್ ಹೊಡೆಯುತ್ತಾ. ಅವಳಿಗೆ ಮೊದಲ ದಿನದಿಂದಲೂ ಅವಳ ಅಳತೆಯ ಸೈಕಲ್ ಇತ್ತು, ಹಾಗಾಗಿ ಒಳಪೆಡಲ್ ಎಂಬ ಮಾತನ್ನು ಆಡುವ ಪ್ರಸಂಗವೇ ನಮ್ಮ ಮನೆಯಲ್ಲಿ ಬರಲಿಲ್ಲ. ಕಳೆದ ಬೇಸಿಗೆಯ ಒಂದು ಭಾನುವಾರ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಿಂದ ನಿಂತಿರುವ ಬಸವಣ್ಣನ ಪ್ರತಿಮೆಯವರೆಗೆ ಇಬ್ಬರೂ ಸೈಕಲ್ಲಿನಲ್ಲಿ ಹೋದೆವು. ಅಲ್ಲಿ ಕುಳಿತು ಬುತ್ತಿ ಬಿಚ್ಚುವಾಗ ಆ ಮಾತನ್ನು ಅವಳಿಗೆ ಹೇಳಿಕೊಟ್ಟೆ. ಮರಳಿ ಬರುವಾಗ ದಾರಿಯುದ್ದಕ್ಕೂ ಅವಳೇ ಮುಂದಿದ್ದಳು.