ಹಾಸನದಲ್ಲಿ ಟೊಲ್ಯೂನ್ 107 ಡಿಗ್ರಿಗೇ ಕುದಿಯುತ್ತದೆ

ಎಂಟು ಗಂಟೆಯಲ್ಲಿ ಮುಗಿಯಬೇಕಾದ ಬ್ಯಾಚು ಹತ್ತೂವರೆ ಗಂಟೆ ಹಿಡಿಯುತ್ತಿತ್ತು. ಒಂದೆರಡು ಸಲ ಅಲ್ಲ, ಸತತ ಆರು ಬ್ಯಾಚು.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಔಷಧಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಪ್ರೊಸೆಸ್ ಎಂಜಿನಿಯರ್. ಆಗ ಕೆಲಸಕ್ಕೆ ಸೇರಿ ಮೂರನೇ ವರ್ಷ. ಸಮುದ್ರದ ಪಕ್ಕದ ಒಂದು ಘಟಕದಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದ ಪ್ರೊಸೆಸ್ ನಮ್ಮಲ್ಲಿಗೆ ಬಂದಿತ್ತು. ಅದೇ ಕಚ್ಚಾವಸ್ತು, ಕ್ರಿಯೆಯ ವೇಗ ಹೆಚ್ಚಿಸುವ ಅದೇ ಕ್ಯಾಟಲಿಸ್ಟ್, ಅಷ್ಟೇ ದೊಡ್ಡ 3000 ಲೀಟರ್ ರಿಯಾಕ್ಟರ್, ಅಂದರೆ ಕ್ರಿಯೆ ನಡೆಸುವ ಪಾತ್ರೆ. ಒಳಗೆ ಗಾಜಿನ ಲೇಪ ಇರುವಂಥದ್ದು, ನಾವೆಲ್ಲ ಜಿಎಲ್‌ಆರ್ ಅನ್ನುತ್ತೇವೆ.

ಕ್ರಿಯೆ ದೊಡ್ಡದೇನಲ್ಲ. ಒಂದು ಆಮ್ಲ, ಒಂದು ಆಲ್ಕೋಹಾಲ್ ಸೇರಿ ಎಸ್ಟರ್ ಆಗುತ್ತದೆ, ಜೊತೆಗೆ ನೀರು ಹುಟ್ಟುತ್ತದೆ. ಆ ನೀರನ್ನು ಹೊರಗೆ ತೆಗೆಯದಿದ್ದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಟೊಲ್ಯೂನ್ ಅನ್ನುವ ದ್ರಾವಕ ಹಾಕಿ ಕುದಿಸುತ್ತೇವೆ. ಟೊಲ್ಯೂನ್ ಆವಿಯ ಜೊತೆ ನೀರೂ ಏಳುತ್ತದೆ. ಕಂಡೆನ್ಸರ್‌ನಲ್ಲಿ ತಣ್ಣಗಾಗಿ ಸೆಪರೇಟರ್‌ಗೆ ಬೀಳುತ್ತದೆ. ಅಲ್ಲಿ ನೀರು ಕೆಳಗೆ ಇಳಿಯುತ್ತದೆ, ಟೊಲ್ಯೂನ್ ಮೇಲಿಂದ ರಿಯಾಕ್ಟರ್‌ಗೆ ವಾಪಸ್ ಹೋಗುತ್ತದೆ.

ಬ್ಯಾಚು ತಡವಾದಾಗ ಮೊದಲು ಅನುಮಾನ ಹೋಗಿದ್ದು ಕ್ಯಾಟಲಿಸ್ಟ್ ಮೇಲೆ. ಆಮೇಲೆ ಕಚ್ಚಾವಸ್ತುವಿನ ತೇವಾಂಶದ ಮೇಲೆ. ಗುಣಮಟ್ಟ ನೋಡುವ ಕ್ಯೂಸಿ ವಿಭಾಗದವರು ಎರಡನ್ನೂ ಪರೀಕ್ಷಿಸಿ ಸರಿ ಇದೆ ಅಂದರು. ಕೊನೆಗೆ ತಪ್ಪು ಬಂದು ಕೂತಿದ್ದು ರಾತ್ರಿ ಪಾಳಿಯವರ ತಲೆ ಮೇಲೆ. ಸ್ಟೀಮ್ ಸರಿಯಾಗಿ ಕೊಡದೆ ಸುಮ್ನೆ ಕೂತಿರುತ್ತಾರೆ ಅಂತ ಮೀಟಿಂಗಿನಲ್ಲಿ ಮಾತು ಬಂತು. ನನಗೆ ಅದು ತುಂಬಾ ಚುಚ್ಚಿತು. ಆ ರಾತ್ರಿ ನಾನೇ ಪ್ಲಾಂಟಿನಲ್ಲಿ ಉಳಿದೆ.

ಇಪ್ಪತ್ತು ವರ್ಷದಿಂದ ರಿಯಾಕ್ಟರ್ ನಡೆಸಿದ ಆಪರೇಟರ್ ಒಬ್ಬರಿದ್ದರು. ಅವರು ನನ್ನನ್ನು ರಿಯಾಕ್ಟರ್ ಹತ್ತಿರ ಕರೆದು ತಾಪಮಾನದ ಅಂಕಿ ತೋರಿಸಿದರು. "ನೋಡಿ ಮೇಡಂ, ಸ್ಟೀಮ್ ಎಷ್ಟು ಕೊಟ್ರೂ ಅಷ್ಟೇ. 108 ದಾಟಲ್ಲ. ಆ ಕಡೆಯವರ ಶೀಟ್‌ನಲ್ಲಿ 112 ಅಂತ ಇದೆಯಲ್ಲ, ಅದು ಹೆಂಗೆ ಬರುತ್ತೆ?"

ಉತ್ತರ ಆ ಮಾತಿನಲ್ಲೇ ಇತ್ತು. ನನಗೆ ಹೊಳೆಯಲು ಹತ್ತು ದಿನ ಬೇಕಾಯಿತು.

ರಿಯಾಕ್ಟರ್‌ಗೆ ಎಷ್ಟು ಶಾಖ ಹಾಯುತ್ತದೆ ಅಂತ ತಿಳಿಯಲು ನಾನು ಮೊದಲು ಮಾಡಿದ್ದು ನೀರಿನ ಪರೀಕ್ಷೆ. ಯಾವ ರಿಯಾಕ್ಟರ್‌ನ ಲೆಕ್ಕ ಹಾಕುವುದಿದ್ದರೂ ಇದನ್ನೇ ಮೊದಲು ಮಾಡಿ ಅಂತ ನಾನು ಹೊಸಬರಿಗೆ ಹೇಳುತ್ತೇನೆ. ಖರ್ಚಿಲ್ಲ, ಅಪಾಯವಿಲ್ಲ. 2000 ಲೀಟರ್ ನೀರು ತುಂಬಿ, 80 ಡಿಗ್ರಿಗೆ ಕಾಯಿಸಿ, ರಿಯಾಕ್ಟರ್ ಸುತ್ತಲಿನ ಹೊರಕವಚದಲ್ಲಿ, ಅಂದರೆ ಜಾಕೆಟ್‌ನಲ್ಲಿ, 28 ಡಿಗ್ರಿಯ ನೀರನ್ನು ಜೋರಾಗಿ ಹರಿಸಿದೆವು. ಐದೈದು ನಿಮಿಷಕ್ಕೆ ತಾಪಮಾನ ಬರೆದುಕೊಂಡೆವು. ಒಳಗಿನ ಮತ್ತು ಜಾಕೆಟ್ಟಿನ ತಾಪಮಾನದ ಅಂತರ 52 ಡಿಗ್ರಿ. ಅದು ಅರ್ಧವಾಗಲು, ಅಂದರೆ ಒಳಗೆ 54 ಆಗಲು, 50 ನಿಮಿಷ ಬೇಕಾಯಿತು. ಒಂದು ಕೆಜಿ ನೀರು ಒಂದು ಡಿಗ್ರಿ ಇಳಿಯಲು 4.18 ಕಿಲೋಜೂಲ್ ಬಿಟ್ಟುಕೊಡಬೇಕು. ತಾಗುವ ಮೈ ಆರೂವರೆ ಚದರ ಮೀಟರ್. ಲೆಕ್ಕ ಹಾಕಿದರೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಹಾಯುವ ಶಾಖ ಸುಮಾರು 300 ವ್ಯಾಟ್. ಆ ಘಟಕದಿಂದ ಬಂದ ಕಡತದಲ್ಲಿ 400 ಅಂತ ಇಟ್ಟುಕೊಂಡಿದ್ದರು.

ಯಾಕೆ ಕಡಿಮೆ? ನಮ್ಮಲ್ಲಿ ಸ್ಟೀಮ್, ತಣ್ಣೀರು ಎರಡೂ ಅದೇ ಜಾಕೆಟ್‌ನಲ್ಲಿ ಹರಿಯುತ್ತವೆ. ಕೂಲಿಂಗ್ ಟವರಿಗೆ ಬರುವುದು ಬೋರ್‌ವೆಲ್ ನೀರು. ವರ್ಷಗಳಿಂದ ಜಾಕೆಟ್ ಒಳಗೆ ಬಿಳಿ ಹಕ್ಕಳೆ ಕಟ್ಟಿತ್ತು. ಮನೆಯಲ್ಲಿ ನೀರು ಕಾಯಿಸುವ ಕಾಯಿಲ್‌ಗೆ ಹಿಡಿಯುತ್ತದಲ್ಲ, ಅದೇ.

ಅರ್ಧ ಕಾರಣ ಸಿಕ್ಕಿತು. ಆದರೆ ಶಾಖದ ಕೊರತೆ ಎರಡೂವರೆ ಗಂಟೆ ತಡವನ್ನು ಪೂರ್ತಿ ವಿವರಿಸುತ್ತಿರಲಿಲ್ಲ. ಕ್ರಿಯೆಯ ವೇಗವನ್ನೇ ಅಳೆಯೋಣ ಅಂತ ಲ್ಯಾಬಿಗೆ ಹೋದೆ.

ಒಂದು ಲೀಟರ್ ಫ್ಲಾಸ್ಕ್‌ನಲ್ಲಿ ಅದೇ ಪಾಕ ಕುದಿಸಿದೆವು. ಅಲ್ಲೂ 108. ಬರೀ ಟೊಲ್ಯೂನ್ ಕುದಿಸಿದರೆ 107ರ ಹತ್ತಿರ ನಿಂತಿತು. ಪುಸ್ತಕದಲ್ಲಿ ಟೊಲ್ಯೂನ್ ಕುದಿಯುವುದು 110.6ಕ್ಕೆ. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಂಡೆವು. ಲ್ಯಾಬಿನ ಹುಡುಗಿ ಬರ್ಫದಲ್ಲಿಟ್ಟು ನೋಡಿದಳು, ಸರಿಯಾಗಿ ಸೊನ್ನೆ. ಕುದಿಯುವ ನೀರಿನಲ್ಲಿಟ್ಟಳು, 97. ಇನ್ನೊಂದು ಥರ್ಮಾಮೀಟರ್ ತಂದಳು, ಅದೂ 97. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎರಡು ಥರ್ಮಾಮೀಟರ್ ಒಂದೇ ಥರ ಕೆಡುವುದಿಲ್ಲ ಅಲ್ವಾ?

ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಕಡಲ ತೀರದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಇಲ್ಲಿ 678ರ ಆಸುಪಾಸು. ಒತ್ತಡ ಕಡಿಮೆಯಾದರೆ ದ್ರವ ಬೇಗ ಕುದಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಟೀಗೆ ನೀರಿಟ್ಟರೆ ಅದು 94 ಡಿಗ್ರಿ ಮುಟ್ಟುವಷ್ಟರಲ್ಲೇ ಕುದಿಯುತ್ತದೆ. ಇದನ್ನು ನಾನು ಹೈಸ್ಕೂಲಿನಲ್ಲೇ ಓದಿದ್ದೆ. ಆದರೆ ರಿಯಾಕ್ಟರ್ ಮುಂದೆ ನಿಂತಾಗ ನೆನಪಾಗಲಿಲ್ಲ. ಕುದಿಯುವ ದ್ರವಕ್ಕೆ ಎಷ್ಟು ಸ್ಟೀಮ್ ಕೊಟ್ಟರೂ ಆವಿ ಜಾಸ್ತಿಯಾಗುತ್ತದೆಯೇ ಹೊರತು ತಾಪಮಾನ ಏರುವುದಿಲ್ಲ. ರಾತ್ರಿ ಪಾಳಿಯವರು ಹೇಳಿದ್ದು ಅಕ್ಷರಶಃ ನಿಜ.

ಈಗ ಪ್ರಶ್ನೆ: ನಾಲ್ಕು ಡಿಗ್ರಿ ಅಷ್ಟೊಂದು ವ್ಯತ್ಯಾಸ ಮಾಡುತ್ತದಾ? ಇದಕ್ಕೆ ರಸಾಯನ ವಿಜ್ಞಾನಿ ಅರೇನಿಯಸ್ 1889ರಲ್ಲಿ ಕೊಟ್ಟ ಸೂತ್ರ ಸಾಕು. ತಾಪಮಾನ ಏರಿದರೆ ಕ್ರಿಯೆಯ ವೇಗ ಎಷ್ಟು ಏರುತ್ತದೆ ಅಂತ ಅದು ಹೇಳುತ್ತದೆ. ಫ್ಲಾಸ್ಕಿಗೆ ಸ್ವಲ್ಪ ವ್ಯಾಕ್ಯೂಮ್ ಕೊಟ್ಟು 90ರಲ್ಲಿ, 100ರಲ್ಲಿ ಕುದಿಸಿದೆವು, ಹಾಗೇ ಬಿಟ್ಟು 108ರಲ್ಲಿ ಕುದಿಸಿದೆವು. ಅರ್ಧರ್ಧ ಗಂಟೆಗೆ ಸ್ಯಾಂಪಲ್ ತೆಗೆದು ಎಷ್ಟು ಆಮ್ಲ ಉಳಿದಿದೆ ಅಂತ ನೋಡಿದೆವು. ಮೂರು ವೇಗಗಳಿಂದ ಸಿಕ್ಕ ಸಕ್ರಿಯಣ ಶಕ್ತಿ, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆ, ಮೋಲ್‌ಗೆ ಸುಮಾರು 80 ಕಿಲೋಜೂಲ್. ಇದು ಹೆಚ್ಚಿದ್ದಷ್ಟೂ ಬಿಸಿಗೆ ವೇಗ ಜಾಸ್ತಿ ಏರುತ್ತದೆ. ಅದನ್ನಿಟ್ಟು ಲೆಕ್ಕ ಹಾಕಿದರೆ 112ರಲ್ಲಿನ ವೇಗ 108ರಲ್ಲಿನ ವೇಗದ 1.3 ಪಟ್ಟು. ಉದಾಹರಣೆಗೆ, ಅಲ್ಲಿ ಆರು ಗಂಟೆ ಸಾಕಾದರೆ ಇಲ್ಲಿ ಎಂಟು ಗಂಟೆಗೆ ಸ್ವಲ್ಪ ಕಡಿಮೆ. ವ್ಯಾಕ್ಯೂಮ್ ಗೇಜ್ ನೋಡುತ್ತಾ ನಿಂತಾಗ ನನಗೆ ಅನ್ನಿಸಿತು, ಹಾಸನದಲ್ಲಿ ತೆರೆದಿಟ್ಟ ರಿಯಾಕ್ಟರ್ ಕೂಡ ಕಡಲ ತೀರದವರ ಲೆಕ್ಕದಲ್ಲಿ 80 ಮಿಲಿಮೀಟರ್ ವ್ಯಾಕ್ಯೂಮ್‌ನಲ್ಲೇ ಇದೆ.

ಆಮೇಲೆ ಸ್ಪ್ರೆಡ್‌ಶೀಟ್‌ನಲ್ಲಿ ಮಾಡೆಲ್ ಕಟ್ಟಿದೆ. ಒಂದು ಸಾಲು ಅಂದರೆ ಒಂದು ನಿಮಿಷ. ಆ ನಿಮಿಷದಲ್ಲಿ ಎಷ್ಟು ಆಮ್ಲ ಖರ್ಚಾಯಿತು, ಎಷ್ಟು ನೀರು ಹುಟ್ಟಿತು, ಜಾಕೆಟ್‌ನಿಂದ ಎಷ್ಟು ಶಾಖ ಬಂತು, ಅಷ್ಟು ಶಾಖದಲ್ಲಿ ಎಷ್ಟು ನೀರು ಹೊರಗೆ ಹೋಗಬಹುದು. ದುಬಾರಿ ಸಾಫ್ಟ್‌ವೇರ್ ಬೇಕಿರಲಿಲ್ಲ. ದೊಡ್ಡ ಲೆಕ್ಕ ಬೇಕೆಂದರೆ ಉಚಿತವಾಗಿ ಸಿಗುವ ಸೈಲ್ಯಾಬ್, ಡಿಡಬ್ಲ್ಯೂಸಿಮ್ ಇವೆ. ಇವನ್ನು ಕಲಿಸಲು ಐಐಟಿ ಬಾಂಬೆಯ ಫೋಸ್ಸಿ ತಂಡದ ಪಾಠಗಳೂ ಇವೆ.

ಮಾಡೆಲ್ ನನಗೆ ಗೊತ್ತಿಲ್ಲದ ಒಂದು ವಿಷಯ ತೋರಿಸಿತು. ಈ ಬ್ಯಾಚಿನಲ್ಲಿ ಎರಡು ಬೇರೆ ಬೇರೆ ಭಾಗಗಳಿವೆ. ಮೊದಲ ಎರಡೂಮುಕ್ಕಾಲು ಗಂಟೆ ಕ್ರಿಯೆ ಜೋರಾಗಿ ನಡೆದು ನೀರು ಹುಟ್ಟುತ್ತದೆ, ಹೊರಗೆ ಹಾಕುವಷ್ಟು ಶಾಖ ಇಲ್ಲ. ಒಂದು ಕೆಜಿ ಟೊಲ್ಯೂನ್ ಆವಿಯಾಗಲು 360 ಕಿಲೋಜೂಲ್ ಸಾಕು, ಒಂದು ಕೆಜಿ ನೀರಿಗೆ ಅದರ ಆರು ಪಟ್ಟಿಗೂ ಜಾಸ್ತಿ ಬೇಕು. ನಮ್ಮ ಜಾಕೆಟ್ ಕೊಡುತ್ತಿದ್ದ 58 ಕಿಲೋವ್ಯಾಟ್‌ನಲ್ಲಿ ಗಂಟೆಗೆ 55 ಕೆಜಿ ನೀರು ತೆಗೆದರೆ ಹೆಚ್ಚು. ಉಳಿದ ಏಳೂಮುಕ್ಕಾಲು ಗಂಟೆ ಇದಕ್ಕೆ ಉಲ್ಟಾ. ಶಾಖ ಬೇಕಾದಷ್ಟಿದೆ, ಕ್ರಿಯೆಯೇ ನಿಧಾನ. ಆಗ ಸ್ಟೀಮ್ ಕೊಟ್ಟರೆ ಟೊಲ್ಯೂನ್ ಸುಮ್ನೆ ಮೇಲೆ ಹೋಗಿ ಕೆಳಗೆ ಬರುತ್ತದೆ.

ಲ್ಯಾಬಿನಲ್ಲಿ ಈ ಮೊದಲ ಭಾಗ ಕಾಣಿಸಲೇ ಇಲ್ಲ. ಒಂದು ಲೀಟರಿನಿಂದ 3000 ಲೀಟರಿಗೆ ಹೋದಾಗ, ಪ್ರತಿ ಲೀಟರಿಗೆ ಸಿಗುವ ಬಿಸಿ ಮೈ ಸುಮಾರು 14 ಪಟ್ಟು ಕಡಿಮೆಯಾಗುತ್ತದೆ. ಫ್ಲಾಸ್ಕಿಗೆ ಶಾಖದ ಬಡತನವೇ ಇಲ್ಲ. ಎರಡು ಭಾಗ ಅಂತ ಗೊತ್ತಾದ ಮೇಲೆ ಎರಡಕ್ಕೂ ಬೇರೆ ಬೇರೆ ಮದ್ದು ಹುಡುಕಿದೆವು.

ಮೊದಲನೆಯದಕ್ಕೆ ಜಾಕೆಟ್ ಸ್ವಚ್ಛ ಮಾಡಿಸಿದೆವು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಕ್ಕಳೆ ತೆಗೆಯಲು ಎಲ್ಲರಿಗೂ ತಕ್ಷಣ ಹೊಳೆಯುವುದು ಹೈಡ್ರೋಕ್ಲೋರಿಕ್ ಆಮ್ಲ. ಜಿಎಲ್‌ಆರ್ ಜಾಕೆಟ್‌ಗೆ ಅದನ್ನು ಹಾಕಬೇಡಿ. ಆಮ್ಲ ಉಕ್ಕನ್ನು ತಿಂದಾಗ ಹೈಡ್ರೋಜನ್ ಹುಟ್ಟಿ ಉಕ್ಕಿನೊಳಗೆ ನುಸುಳುತ್ತದೆ, ಆ ಕಡೆಯ ಗಾಜಿನ ಲೇಪವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ರಿಯಾಕ್ಟರ್ ತಯಾರಿಸಿದವರು ಹೇಳಿದ ದ್ರಾವಣವನ್ನೇ ಬಳಸಿದೆವು. ಮತ್ತೆ ನೀರಿನ ಪರೀಕ್ಷೆ ಮಾಡಿದಾಗ 300 ಇದ್ದದ್ದು 370 ಆಗಿತ್ತು.

ಎರಡನೆಯದಕ್ಕೆ ಮೂರು ದಾರಿ ಇತ್ತು. ಟೊಲ್ಯೂನ್ ಬದಲು ಕ್ಸೈಲೀನ್ ಅನ್ನುವ ದ್ರಾವಕ ಹಾಕೋಣ ಅಂತ ಕೆಲವರು ಹೇಳಿದರು. ಅದು ಹಾಸನದಲ್ಲಿ 135ರ ಹತ್ತಿರ ಕುದಿಯುತ್ತದೆ. ಮಾಡೆಲ್‌ನಲ್ಲಿ ಹಾಕಿ ನೋಡಿದೆ. ನಮ್ಮ ಕ್ರಿಯೆಯ ವೇಗ ಐದು ಪಟ್ಟು ಏರುತ್ತದೆ, ಆದರೆ ಕಲ್ಮಶ ಹುಟ್ಟುವ ವೇಗ ಹನ್ನೊಂದು ಪಟ್ಟು. ಅದರ ಸಕ್ರಿಯಣ ಶಕ್ತಿ 115, ಹಾಗಾಗಿ ಬಿಸಿ ಜಾಸ್ತಿಯಾದಷ್ಟೂ ಲಾಭ ಅದಕ್ಕೇ. ಆ ದಾರಿ ಬಿಟ್ಟೆವು. ಸಾರಜನಕದಿಂದ ಒಳಗೆ ಸ್ವಲ್ಪ ಒತ್ತಡ ಕೊಟ್ಟು 112 ತರಬಹುದಿತ್ತು. ಲೆಕ್ಕದಲ್ಲಿ ಚೆಂದ. ಆದರೆ ನಮ್ಮದು ವೆಂಟ್, ಅಂದರೆ ಆವಿ ಹೊರಹೋಗುವ ದಾರಿ, ತೆರೆದಿರುವ ವ್ಯವಸ್ಥೆ. ಕುದಿಯುವ ಟೊಲ್ಯೂನ್ ಇರುವ ಕಡೆ ಸುರಕ್ಷತೆಯ ಲೆಕ್ಕವನ್ನೆಲ್ಲ ಮೊದಲಿಂದ ಮಾಡದೆ ವೆಂಟ್ ಮುಚ್ಚಲು ನಾನು ಒಪ್ಪಲಿಲ್ಲ.

ನಾವು ಹಿಡಿದದ್ದು ಮೂರನೆಯದು. ನೀರು ಬಹುಪಾಲು ಹೋದ ಮೇಲೆ ಸೆಪರೇಟರ್‌ನಿಂದ ಸ್ವಲ್ಪ ಟೊಲ್ಯೂನನ್ನು ವಾಪಸ್ ಬಿಡದೆ ಹೊರಗೆ ತೆಗೆದೆವು. ಆಗ ಒಳಗೆ ಉಳಿದ ದ್ರಾವಣದ ಸಾಂದ್ರತೆ ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಆಮ್ಲ, ಆಲ್ಕೋಹಾಲ್ ಒಂದಕ್ಕೊಂದು ಬೇಗ ಸಿಗುತ್ತವೆ, ಕುದಿಯುವ ಬಿಂದುವೂ ಎರಡು ಡಿಗ್ರಿ ಏರುತ್ತದೆ. ಹೊಸ ಸಲಕರಣೆ ಬೇಡ, ಒಂದು ವಾಲ್ವ್ ತಿರುಗಿಸಿದರೆ ಆಯಿತು. ಯಾವಾಗ ತಿರುಗಿಸಬೇಕು ಅನ್ನುವುದನ್ನು ಮಾಡೆಲ್ ಹೇಳಿತು. ಬೇಗ ತೆಗೆದರೆ ನೀರನ್ನು ಹೊತ್ತೊಯ್ಯಲು ಟೊಲ್ಯೂನ್ ಸಾಲದು. ತಡವಾಗಿ ತೆಗೆದರೆ ಲಾಭ ಇಲ್ಲ. ಮೂರನೇ ಗಂಟೆ ನಮಗೆ ಸರಿ ಬಂತು.

ಲೆಕ್ಕ ಹೇಳಿದ್ದು ಎಂಟೂವರೆ ಗಂಟೆ. ಪ್ಲಾಂಟಿನಲ್ಲಿ ಮೊದಲ ಬ್ಯಾಚು ಎಂಟೂಮುಕ್ಕಾಲಿಗೆ ಮುಗಿಯಿತು, ಕಲ್ಮಶ ಮಿತಿಯೊಳಗೇ ಇತ್ತು. ಆ ಬ್ಯಾಚು ನಡೆಸಿದ್ದು ರಾತ್ರಿ ಪಾಳಿ. ಅದನ್ನು ನಾನೇ ಕೇಳಿಕೊಂಡಿದ್ದೆ. ಮುಂದಿನ ಮೀಟಿಂಗಿನಲ್ಲಿ ಆ ಆಪರೇಟರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, 108ರ ಮಾತು ಮೊದಲು ಹೇಳಿದ್ದು ಇವರು ಅಂತ ಎಲ್ಲರ ಮುಂದೆ ಹೇಳಿದೆ.

ಎರಡು ವಾರದ ನಂತರ ಅವರು ಮತ್ತೆ ಕರೆದರು. ಪಕ್ಕದ ಬ್ಲಾಕಿನಲ್ಲಿ ಒಂದು ಹೊಸ ವ್ಯಾಕ್ಯೂಮ್ ಪಂಪ್. ಹೊರಗಿನ ಗಾಳಿಗಿಂತ ಒಳಗಿನ ಒತ್ತಡ ಎಷ್ಟು ಮಿಲಿಮೀಟರ್ ಕಡಿಮೆ ಅಂತ ಅದರ ಗೇಜ್ ತೋರಿಸುತ್ತದೆ. ಶೀಟ್ ಪ್ರಕಾರ ಗೇಜಿನ ಮುಳ್ಳು 720 ತೋರಿಸಬೇಕು. 670ಕ್ಕೆ ಹೋಗಿ ನಿಲ್ಲುತ್ತಿತ್ತು. ಮೇಂಟೆನೆನ್ಸ್‌ನವರು ಪಂಪನ್ನು ಎರಡು ಸಲ ಬಿಚ್ಚಿ ಜೋಡಿಸಿದ್ದರು, ಮೂರನೇ ಸಲ ಬಿಚ್ಚಲು ಸ್ಪ್ಯಾನರ್ ಹಿಡಿದು ನಿಂತಿದ್ದರು. ಆಪರೇಟರ್ ಗೇಜಿನ ಕಡೆ ಕೈ ತೋರಿಸಿ, "ನಮ್ಮೂರಲ್ಲಿ ಇರೋದೇ 678 ಅಲ್ವಾ ಮೇಡಂ, 720 ಎಲ್ಲಿಂದ ಬರಬೇಕು?" ಅಂದರು. ಪಂಪನ್ನು ಬಿಚ್ಚಲಿಲ್ಲ. ಶೀಟ್‌ನಲ್ಲಿದ್ದ 720ನ್ನು ಹೊಡೆದು ಸರಿಯಾದ ಅಂಕಿ ಬರೆದು, ಇಬ್ಬರೂ ಸಹಿ ಹಾಕಿದೆವು.