ಮಡಿಕೇರಿ ಮಳೆಯಲ್ಲಿ ವಿಇಜಿಎಫ್‌ಆರ್-2 ಸ್ಟೇನ್: ನನ್ನ ಅನುಭವ

ಕೊನೆಗೂ ಬಂತು. ವಿಇಜಿಎಫ್‌ಆರ್-2 ಎಂದರೆ ರಕ್ತನಾಳದ ಒಳಪದರದ ಕೋಶಗಳ ಮೇಲಿರುವ ಒಂದು ಪ್ರೋಟೀನ್. ಅದಕ್ಕೆ ಅಂಟುವ ಆ್ಯಂಟಿಬಾಡಿ ಹಾಕಿ, ಅದು ಇರುವ ಕಡೆ ಕಂದು ಬಣ್ಣ ಬರಿಸುವುದೇ ಈ ಸ್ಟೇನ್. ಮೇಣದ ಬ್ಲಾಕ್‌ನಲ್ಲಿಟ್ಟ ಪ್ಲಸೆಂಟಾದಿಂದ ಕತ್ತರಿಸಿದ ತೆಳು ಸೆಕ್ಷನ್‌ನಲ್ಲಿ ಸಣ್ಣ ರಕ್ತನಾಳಗಳ ಒಳಪದರ ಕಂದು, ಉಳಿದದ್ದೆಲ್ಲ ತಿಳಿನೀಲಿ. "ಮಡಿಕೇರಿ ಮಳೆಯಲ್ಲಿ ಇದೆಲ್ಲ ಆಗಲ್ಲ, ಸುಮ್ನೆ ಬ್ಲಾಕ್ ಕಳಿಸಿಬಿಡು" ಎಂದಿದ್ದ ಬೆಂಗಳೂರಿನ ಗೆಳೆಯನಿಗೆ ಮೊದಲು ಫೋಟೋ ಕಳಿಸಿದೆ.

ಮೊದಲು ಬಳಸಿದ್ದು ಪಾಲಿಕ್ಲೋನಲ್, ಅಂದರೆ ಪ್ರಾಣಿಯ ರಕ್ತದಿಂದ ತೆಗೆದ ಹಲವು ಆ್ಯಂಟಿಬಾಡಿಗಳ ಮಿಶ್ರಣ. ಮೊದಲ ವಯಲ್ ಚೆನ್ನಾಗಿತ್ತು. ಅದೇ ಕ್ಯಾಟಲಾಗ್ ನಂಬರಿನ ಎರಡನೇ ವಯಲ್ ಬಂದಾಗ ಸ್ನಾಯುವಿಗೂ ಬಣ್ಣ ಹತ್ತಿತು. ಆರು ತಿಂಗಳ ಸ್ಲೈಡ್‌ಗಳನ್ನು ಹೊಸದರ ಜೊತೆ ಹೋಲಿಸುವ ಹಾಗೇ ಇರಲಿಲ್ಲ. ಎರಡೂ ಸೇರಿ 60 ಸಾವಿರ ರೂಪಾಯಿ ಹತ್ತಿರ ಹೋಯಿತು. ಆಗಲೇ ಮೊಲದ ರೀಕಾಂಬಿನೆಂಟ್ ಆ್ಯಂಟಿಬಾಡಿಗೆ ಬಂದೆ. ಜೀನ್ ಸೀಕ್ವೆನ್ಸ್ ಕೈಯಲ್ಲಿರುತ್ತದೆ, ಕೋಶಗಳಲ್ಲೇ ತಯಾರಾಗುತ್ತದೆ, ತಯಾರಿಕೆಯ ಲಾಟ್ ಬದಲಾದರೂ ಆ್ಯಂಟಿಬಾಡಿ ಅದೇ. 100 ಮೈಕ್ರೋಲೀಟರ್‌ಗೆ 45 ಸಾವಿರ ಕೊಟ್ಟ ನೆನಪು.

ಅದೂ ಮೊದಲು ಕೈಕೊಟ್ಟಿತು. ಅಂಗಾಂಶ ಕೆಡದಂತೆ ಹಾಕುವ ಫಾರ್ಮಲಿನ್ ಪ್ರೋಟೀನನ್ನು ಕಟ್ಟಿಹಾಕುತ್ತದೆ, ಅದನ್ನು ಬಿಚ್ಚಲು ಸ್ಲೈಡನ್ನು ಕುದಿಸಬೇಕು. ಸಿಟ್ರೇಟ್ ಬಫರ್‌ನಲ್ಲಿ 20 ನಿಮಿಷ ಕುದಿಸಿದೆ, 40 ನಿಮಿಷ ಕುದಿಸಿದೆ, ಬಣ್ಣ ತೀರಾ ಮಂಕು. ಆ್ಯಂಟಿಬಾಡಿಯನ್ನು 1:50ರವರೆಗೆ (ಸುಮಾರು 50 ಪಾಲು ದ್ರಾವಣಕ್ಕೆ ಒಂದು ಪಾಲು) ದಪ್ಪ ಮಾಡಿ ದುಡ್ಡು ಸುರಿದೆ. ಒಂದು ದಿನ ಮನೆಯಲ್ಲಿ ಕಡಲೆ ಬೇಯಿಸುವಾಗ ಹೊಳೆಯಿತು. ನಾವಿರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಇಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ಕಾಳಿಗೇ ಕುಕ್ಕರ್ ಬೇಕು, ಫಾರ್ಮಲಿನ್ ಕಟ್ಟಿಹಾಕಿದ ಪ್ರೋಟೀನ್ ಸುಮ್ನೆ ಬಿಚ್ಚಿಕೊಳ್ಳುತ್ತದಾ? ಪ್ರೆಶರ್ ಕುಕ್ಕರ್ ತಂದೆ. ಸಿಟ್ರೇಟ್ ಬದಲು ಪಿಎಚ್ 9ರ ಟ್ರಿಸ್-ಇಡಿಟಿಎ ಬಫರ್, ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 3 ನಿಮಿಷ. ಮರುದಿನದ ಸ್ಲೈಡ್ ನೋಡಿ ಕಣ್ಣು ತುಂಬಿ ಬಂತು. ಈಗ 1:300 ಸಾಕು.

ಆದರೆ ಸೆಕ್ಷನ್ ಸ್ಲೈಡಿನಿಂದ ಕಿತ್ತು ಬರತೊಡಗಿತು. ಜುಲೈಯಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸೆಕ್ಷನ್ ಕೆಳಗಿನ ನೀರು ಹೇಗೆ ಆರಬೇಕು? ಸೆಕ್ಷನ್ ಗಟ್ಟಿಯಾಗಿ ಹಿಡಿಯುವ ಚಾರ್ಜ್ಡ್ ಸ್ಲೈಡ್ ಹಾಕಿ, 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ಅದರ ಜೊತೆ ಸೆಕ್ಷನ್ ತೇಲಿಸುವ ನೀರಿನ ಟಬ್‌ನಲ್ಲಿ ಮಾಡಿಕೊಂಡ ಬದಲಾವಣೆ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸುಮಾರು 40 ಬ್ಲಾಕ್‌ಗಳಲ್ಲಿ 35 ಚೆನ್ನಾಗಿ ಬಂದವು. ಪಕ್ಕದ ಸೆಕ್ಷನ್‌ಗೆ ರಕ್ತನಾಳದ ಒಳಪದರ ಗುರುತಿಸುವ ಸಿಡಿ31 ಆ್ಯಂಟಿಬಾಡಿ ಹಾಕಿ ನಾಳಗಳನ್ನು ತಾಳೆ ನೋಡಿದ್ದೇನೆ. ಸುಳ್ಳು ಬಣ್ಣ ಬರುತ್ತದಾ ನೋಡಲು ಪ್ರೈಮರಿ (ಪ್ರೋಟೀನಿಗೆ ಅಂಟುವ ಮುಖ್ಯ ಆ್ಯಂಟಿಬಾಡಿ) ಇಲ್ಲದ ಸ್ಲೈಡ್ ಪ್ರತಿ ಸಲವೂ ಇಟ್ಟಿದ್ದೇನೆ.

ಕರೆಂಟ್ ಹೋಗಿ ಬಂದು ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿದ್ದ ಆ್ಯಂಟಿಬಾಡಿಯ ಎರಡು ಟ್ಯೂಬ್ ಕರಗಿ, ಮತ್ತೆ ಗಟ್ಟಿಯಾಗಿ ಹಾಳಾದವು. ಈಗ ಅರ್ಧ ಗ್ಲಿಸರಾಲ್ ಇರುವುದನ್ನೇ ತರಿಸುತ್ತೇನೆ. ಅದು ಅಲ್ಲಿ ಗಟ್ಟಿಯಾಗುವುದೇ ಇಲ್ಲ.

ಇಲಿಯ ಗಾಯದ ಚರ್ಮದ ಮೇಲೂ ಇದನ್ನೇ ಹಾಕಿ ನೋಡಿದೆ, ಇಲಿಯದ್ದಕ್ಕೂ ಹಿಡಿಯುತ್ತದೆಂದು ಆ್ಯಂಟಿಬಾಡಿಯ ಮಾಹಿತಿ ಶೀಟಿನಲ್ಲೇ ಇತ್ತು. ಆ್ಯಂಟಿಬಾಡಿ ಮೊಲದ್ದಾದ್ದರಿಂದ ಹಿನ್ನೆಲೆ ಸ್ವಚ್ಛ. ಇಲಿಯ ಆ್ಯಂಟಿಬಾಡಿಯನ್ನು ಇಲಿಯ ಚರ್ಮಕ್ಕೇ ಹಾಕಿದರೆ ಚರ್ಮದಲ್ಲಿರುವ ಇಲಿಯದ್ದೇ ಆ್ಯಂಟಿಬಾಡಿಗಳಿಗೂ ಬಣ್ಣ ಹತ್ತಿ ಗಲೀಜಾಗುತ್ತದೆ. ಕೋಳಿ ಭ್ರೂಣದ ಪೊರೆಗೆ ಮಾತ್ರ ಬಣ್ಣವೇ ಹತ್ತಲಿಲ್ಲ.

ಇನ್ನು ದುಗ್ಧನಾಳಕ್ಕೆ ಇದೇ ಗುಂಪಿನ ಇನ್ನೊಂದು ಪ್ರೋಟೀನ್ ವಿಇಜಿಎಫ್‌ಆರ್-3ರ ಸ್ಟೇನ್ ಮಾಡಬೇಕು. ಹಿಂದಿನ ಆ್ಯಂಟಿಬಾಡಿ ಪಾರ್ಸೆಲ್ ಮಳೆಗೆ ದಾರಿಯಲ್ಲೇ ಮೂರು ದಿನ ಕೂತಿತ್ತು. ಈ ಸಲ ಮೈಸೂರಿಗೆ ಹೋಗಿ ನಾನೇ ತರುತ್ತೇನೆ.